40ಕ್ಕೂ ಮೊದಲೇ ಮುಟ್ಟು ನಿಂತರೆ ಏನು ಮಾಡಬೇಕು?

ಮೂರು ತಿಂಗಳಿಂದ ಡೇಟ್ ಆಗಿಲ್ಲ. ಕಿಟ್ ತಂದು ನೋಡಿದರೆ ಒಂದೇ ಗೆರೆ. ಮೆಡಿಕಲ್ ಶಾಪಿನಲ್ಲೋ ಹತ್ತಿರದ ಕ್ಲಿನಿಕ್ಕಿನಲ್ಲೋ ಕೇಳಿದರೆ ಐದು ದಿನದ, ಹತ್ತು ದಿನದ ಮಾತ್ರೆ ಕೊಡುತ್ತಾರೆ. ಮಾತ್ರೆ ಮುಗಿದು ವಾರದೊಳಗೆ ಮುಟ್ಟು ಬರುತ್ತದೆ. ಸದ್ಯ, ಸರಿಹೋಯಿತು ಅಂತ ಎಲ್ಲರೂ ಸುಮ್ಮನಾಗುತ್ತಾರೆ. ಎರಡು ತಿಂಗಳು ಬಿಟ್ಟು ಮತ್ತೆ ಅದೇ ಕಥೆ, ಮತ್ತೆ ಅದೇ ಮಾತ್ರೆ. ಹೀಗೇ ಒಂದೆರಡು ವರ್ಷ ಕಳೆದುಬಿಡುತ್ತದೆ.

ಆ ಮಾತ್ರೆ ಪ್ರೊಜೆಸ್ಟರಾನ್ ಜಾತಿಯದು. ಅದನ್ನು ನಿಲ್ಲಿಸಿದಾಗ ಗರ್ಭಕೋಶದ ಒಳಪದರ ಕಳಚಿ ರಕ್ತ ಹೋಗುತ್ತದೆ, ಅಷ್ಟೇ. ಅಂಡಾಶಯ ಕೆಲಸ ಮಾಡುತ್ತಿದೆಯೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ. ಅಂಡಾಶಯ ಸೋಲುತ್ತಿರುವ ಹೆಣ್ಣುಮಕ್ಕಳಲ್ಲೂ ಎಷ್ಟೋ ಜನರಿಗೆ ಈ ಮಾತ್ರೆಯಿಂದ ಮುಟ್ಟು ಬರುತ್ತದೆ. ಹಾಗಾಗಿ ಮುಟ್ಟು ತರಿಸಿಕೊಳ್ಳುವ ಮೊದಲು ಅದು ಯಾಕೆ ನಿಂತಿತು ಅಂತ ನೋಡಿಸಿ.

ನಿಲ್ಲಲು ಕಾರಣ ಹಲವು. ಅದರಲ್ಲಿ ಒಂದು, 40 ವರ್ಷ ತುಂಬುವ ಮೊದಲೇ ಅಂಡಾಶಯದ ಕೆಲಸ ಕುಂದುವುದು. ಡಾಕ್ಟರುಗಳು ಇದನ್ನು ಪಿಒಐ ಎನ್ನುತ್ತಾರೆ. ನೂರರಲ್ಲಿ ಒಬ್ಬರಿಗೆ ಬರುತ್ತದೆ ಅಂತ ಬಹಳ ಕಾಲ ಹೇಳುತ್ತಿದ್ದರು. ಈಚಿನ ಅಂದಾಜು ಅದಕ್ಕಿಂತ ಜಾಸ್ತಿ, ಸುಮಾರು ಶೇ. 3.5. ಅಂದರೆ ನಿಮ್ಮ ಆಫೀಸಿನಲ್ಲೋ ಸಂಬಂಧಿಕರಲ್ಲೋ ಒಬ್ಬರಿಗಾದರೂ ಇರಬಹುದು. ಹೇಳಿಕೊಂಡಿರುವುದಿಲ್ಲ ಅಷ್ಟೇ.

ಮೊದಲು: ಯಾವಾಗ ಅನುಮಾನ ಪಡಬೇಕು

ಒಂದು ತಿಂಗಳು ತಪ್ಪಿದರೆ ಗಾಬರಿ ಬೇಡ. ಪ್ರಯಾಣ, ಜ್ವರ, ಪರೀಕ್ಷೆ, ಮನೆಯ ಚಿಂತೆ, ಯಾವುದರಿಂದಲೂ ತಪ್ಪಬಹುದು. ಮೂರು ತಿಂಗಳು ಬರದಿದ್ದರೆ, ಅಥವಾ ಸರಿಯಾಗಿ ಬರುತ್ತಿದ್ದದ್ದು ಒಮ್ಮೆ 20 ದಿನಕ್ಕೆ ಒಮ್ಮೆ 60 ದಿನಕ್ಕೆ ಬರತೊಡಗಿದರೆ, ಡಾಕ್ಟರ ಹತ್ತಿರ ಹೋಗಿ. ಅದಕ್ಕೂ ಮೊದಲು ಮನೆಯಲ್ಲೇ ಗರ್ಭ ಪರೀಕ್ಷೆ ಮಾಡಿಕೊಳ್ಳಿ.

ಜೊತೆಗೆ ಇವು ಇದ್ದರೆ ತಡ ಮಾಡಬೇಡಿ: ಫ್ಯಾನ್ ಕೆಳಗೆ ಕೂತಿದ್ದರೂ ಇದ್ದಕ್ಕಿದ್ದಂತೆ ಎದೆಯಿಂದ ಮುಖದವರೆಗೆ ಬಿಸಿಯೇರಿ ಬೆವರುವುದು, ರಾತ್ರಿ ಬೆವರಿ ಎಚ್ಚರವಾಗುವುದು, ಕಾರಣವಿಲ್ಲದೆ ಸಿಡಿಮಿಡಿ, ಕೀಲು ನೋವು, ಯೋನಿ ಒಣಗಿ ಗಂಡನ ಜೊತೆ ಸೇರುವಾಗ ಉರಿ. ಇದ್ಯಾವುದೂ ಇಲ್ಲದೆ ಬರೀ ಮುಟ್ಟು ಏರುಪೇರಾಗುವುದೂ ಉಂಟು. ಬಿಸಿಯೇರುತ್ತಿಲ್ಲ ಅಂದಮಾತ್ರಕ್ಕೆ ಪಿಒಐ ಅಲ್ಲ ಅಂತ ತೀರ್ಮಾನಿಸಬೇಡಿ.

ಇನ್ನೂ ದೊಡ್ಡವಳಾಗದ ಹುಡುಗಿಯರ ವಿಷಯ ಬೇರೆ. 13 ತುಂಬಿದರೂ ಎದೆ ಬೆಳೆಯದಿದ್ದರೆ, 15 ಆದರೂ ಮೈನೆರೆಯದಿದ್ದರೆ ತೋರಿಸಬೇಕು. 'ನಮ್ಮ ಮನೆತನದಲ್ಲಿ ಎಲ್ಲರೂ ತಡವಾಗಿಯೇ ಆಗೋದು' ಅನ್ನುವ ಅಜ್ಜಿಯ ಮಾತು ನಿಜವೇ ಇರಬಹುದು. ಆದರೂ ಒಮ್ಮೆ ನೋಡಿಸಿಬಿಡಿ.

ಡಾಕ್ಟರ ಹತ್ತಿರ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಹಿಂದಿನ ಆರು ತಿಂಗಳ ಡೇಟುಗಳು, ನುಂಗಿದ ಮಾತ್ರೆಗಳ ಹೆಸರು (ಖಾಲಿ ಸ್ಟ್ರಿಪ್ ಇದ್ದರೆ ಅದನ್ನೇ ಒಯ್ಯಿರಿ), ಹೊಟ್ಟೆಯ ಆಪರೇಷನ್ ಏನಾದರೂ ಆಗಿದ್ದರೆ ಅದು, ಅಮ್ಮನಿಗೆ, ಚಿಕ್ಕಮ್ಮ ದೊಡ್ಡಮ್ಮಂದಿರಿಗೆ ಯಾವ ವಯಸ್ಸಿಗೆ ಮುಟ್ಟು ನಿಂತಿತು ಎನ್ನುವುದು. ಕೊನೆಯದನ್ನು ಕೇಳಲು ಮುಜುಗರವಾಗಬಹುದು. ಆದರೆ ಡಾಕ್ಟರಿಗೆ ಅದರಿಂದ ತುಂಬಾ ಸಹಾಯವಾಗುತ್ತದೆ.

ಎರಡನೆಯದು: ಯಾವ ರಕ್ತ ಪರೀಕ್ಷೆ, ಹೇಗೆ

ಮುಖ್ಯವಾದದ್ದು ಎಫ್‌ಎಸ್‌ಎಚ್. ಇದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅಂಡಾಶಯಕ್ಕೆ ಕಳಿಸುವ ಹಾರ್ಮೋನು. ಹೊಲದಾಚೆ ಇರುವವರು ಓಗೊಡದಿದ್ದರೆ ನಾವು ಕೂಗು ಜೋರು ಮಾಡುತ್ತೇವಲ್ಲ, ಹಾಗೆ. ಅಂಡಾಶಯ ಉತ್ತರ ಕೊಡದಿದ್ದರೆ ಎಫ್‌ಎಸ್‌ಎಚ್ ಏರುತ್ತಾ ಹೋಗುತ್ತದೆ. ನಾಲ್ಕು ತಿಂಗಳು ಮುಟ್ಟು ನಿಂತಿದ್ದು ಅಥವಾ ಏರುಪೇರಾಗಿದ್ದು, ಎಫ್‌ಎಸ್‌ಎಚ್ 25 ಯೂನಿಟ್ ದಾಟಿದ್ದರೆ ಪಿಒಐ ಎನ್ನುತ್ತಾರೆ. ಮೊದಲೆಲ್ಲ ನಾಲ್ಕು ವಾರ ಬಿಟ್ಟು ಎರಡನೇ ಸಲ ಮಾಡಿಸಲೇಬೇಕಿತ್ತು. 2024ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಲಕ್ಷಣ ಸ್ಪಷ್ಟವಾಗಿದ್ದರೆ ಒಂದು ಸಲ ಸಾಕು. ಅನುಮಾನ ಉಳಿದರೆ 4ರಿಂದ 6 ವಾರದ ನಂತರ ಮತ್ತೊಮ್ಮೆ ಮಾಡುತ್ತಾರೆ. ಇಷ್ಟು ದೊಡ್ಡ ಸುದ್ದಿಯನ್ನು ಒಂದೇ ರಿಪೋರ್ಟಿನ ಮೇಲೆ ನಂಬಲು ಮನಸ್ಸು ಒಪ್ಪದಿದ್ದರೆ ನೀವೇ ಕೇಳಿ ಎರಡನೇ ಸಲ ಮಾಡಿಸಿ. ಅದರಲ್ಲಿ ತಪ್ಪೇನಿಲ್ಲ.

ಮುಟ್ಟು ಪೂರ್ತಿ ನಿಂತಿದ್ದರೆ ಯಾವ ದಿನ ಬೇಕಾದರೂ ರಕ್ತ ಕೊಡಬಹುದು. ಆಗಾಗ ಬರುತ್ತಿದ್ದರೆ ಮುಟ್ಟಿನ ಎರಡರಿಂದ ಐದನೇ ದಿನದೊಳಗೆ ಕೊಡುವುದು ಒಳ್ಳೆಯದು. ಎಫ್‌ಎಸ್‌ಎಚ್ ಜೊತೆಗೆ ಎಸ್ಟ್ರಾಡಿಯಾಲ್ (ಅಂಡಾಶಯ ತಯಾರಿಸುವ ಮುಖ್ಯ ಈಸ್ಟ್ರೋಜನ್ ಹಾರ್ಮೋನು), ಥೈರಾಯ್ಡಿಗೆ ಟಿಎಸ್‌ಎಚ್, ಮತ್ತು ಎದೆಹಾಲು ಬರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಮಾಡುತ್ತಾರೆ. ಥೈರಾಯ್ಡ್ ಅಥವಾ ಪ್ರೊಲ್ಯಾಕ್ಟಿನ್ ತೊಂದರೆಯಿಂದಲೂ ಮುಟ್ಟು ನಿಲ್ಲಬಹುದು. ಅದಕ್ಕೆ ಚಿಕಿತ್ಸೆ ಬೇರೆ.

ರಿಪೋರ್ಟ್ ಹಾದಿ ತಪ್ಪಿಸುವ ಎರಡು ವಿಷಯ ಗೊತ್ತಿರಲಿ.

ಒಂದು, ಕೂದಲು ಉದುರುತ್ತದೆ ಅಂತ ನುಂಗುವ ಬಯೋಟಿನ್ ಮಾತ್ರೆ. ಕೆಲವು ಲ್ಯಾಬುಗಳ ಪರೀಕ್ಷಾ ವಿಧಾನದಲ್ಲಿ ಬಯೋಟಿನ್ ಸೇರಿಕೊಂಡು ಎಫ್‌ಎಸ್‌ಎಚ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ಎಸ್ಟ್ರಾಡಿಯಾಲ್ ಜಾಸ್ತಿ ಕಾಣುತ್ತದೆ. ಅಂದರೆ ತೊಂದರೆ ಇದ್ದರೂ ಎಲ್ಲಾ ಸರಿಯಿದೆ ಅನ್ನುವಂತೆ ರಿಪೋರ್ಟ್ ಬರುತ್ತದೆ. ರಕ್ತ ಕೊಡುವ ಎರಡು ಮೂರು ದಿನ ಮೊದಲೇ ಅದನ್ನು ನಿಲ್ಲಿಸಿ. ದೊಡ್ಡ ಡೋಸ್ ಆಗಿದ್ದರೆ ಎಷ್ಟು ದಿನ ಅಂತ ಲ್ಯಾಬಿನವರನ್ನು ಕೇಳಿ.

ಇನ್ನೊಂದು, ಗರ್ಭನಿರೋಧಕ ಮಾತ್ರೆ. ಅದು ಎಫ್‌ಎಸ್‌ಎಚ್ ಅನ್ನು ಅದುಮಿಡುತ್ತದೆ. ನಿಮಗೆ ಈಗಾಗಲೇ 'ಪಿಸಿಒಡಿ' ಅಂತ ಹೇಳಿ ಈ ಮಾತ್ರೆ ಕೊಟ್ಟಿದ್ದರೆ ಪರೀಕ್ಷೆಗೆ ಮೊದಲು ಡಾಕ್ಟರಿಗೆ ಹೇಳಿ. ಅಂದಹಾಗೆ, ಈಗ ಮುಟ್ಟು ತಪ್ಪಿದ ಹುಡುಗಿಯರಿಗೆಲ್ಲ ಸುಲಭವಾಗಿ ಅಂಟುವ ಹೆಸರು ಈ ಪಿಸಿಒಡಿ. ಪಿಸಿಒಡಿ ಇದ್ದವರಲ್ಲಿ ಎಫ್‌ಎಸ್‌ಎಚ್ ಸಾಮಾನ್ಯ ಮಟ್ಟದಲ್ಲಿದ್ದು ಎಎಂಎಚ್ (ಉಳಿದಿರುವ ಅಂಡಾಣುಗಳ ಅಂದಾಜು ಕೊಡುವ ರಕ್ತ ಪರೀಕ್ಷೆ) ಹೆಚ್ಚಾಗಿರುವುದು ವಾಡಿಕೆ. ಪಿಒಐನಲ್ಲಿ ಇದು ತಿರುಗಾಮುರುಗಾ. ಒಂದು ರಕ್ತ ಪರೀಕ್ಷೆಯಲ್ಲಿ ಬಗೆಹರಿಯುವ ಗೊಂದಲಕ್ಕೆ ವರ್ಷಗಟ್ಟಲೆ ಡಯಟ್ ಮಾಡಿಸುವುದು ಅನ್ಯಾಯ.

ಎಎಂಎಚ್ ಬಗ್ಗೆಯೂ ಒಂದು ಮಾತು. ಹೆಲ್ತ್ ಪ್ಯಾಕೇಜುಗಳಲ್ಲಿ ಈಗ ಇದನ್ನೂ ಸೇರಿಸುತ್ತಾರೆ. ಮುಟ್ಟು ಸರಿಯಾಗಿ ಬರುತ್ತಿದ್ದು ಬರೀ ಎಎಂಎಚ್ ಕಡಿಮೆ ಬಂದರೆ ಅದು ಪಿಒಐ ಅಲ್ಲ. ಆ ಒಂದು ಅಂಕಿಯನ್ನು ಹಿಡಿದು 'ಈಗಲೇ ಐವಿಎಫ್ ಮಾಡಿಸಿ, ಇಲ್ಲದಿದ್ದರೆ ಮಕ್ಕಳೇ ಆಗಲ್ಲ' ಅಂತ ಅವಸರ ಮಾಡುವವರ ಮುಂದೆ ಸ್ವಲ್ಪ ನಿಧಾನಿಸಿ. ಬೇರೆ ಕಡೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಮೂರನೆಯದು: ಕಾರಣ ಹುಡುಕುವುದು

ಹೆಣ್ಣುಮಗು ಹುಟ್ಟುವಾಗ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಂಡಾಣು ಇರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುತ್ತವೆ. ಪಿಒಐನಲ್ಲಿ ಇವು ಬೇಗ ಖಾಲಿಯಾಗುತ್ತವೆ, ಅಥವಾ ಇದ್ದೂ ಬೆಳೆಯುವುದಿಲ್ಲ. ಯಾಕೆ ಅಂದರೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕಾರಣವೇ ಸಿಗುವುದಿಲ್ಲ. ಆದರೂ ಹುಡುಕಬೇಕು. ಸಿಗುವ ಕೆಲವು ಕಾರಣಗಳು ಅಂಡಾಶಯಕ್ಕೆ ಮಾತ್ರ ಸಂಬಂಧಿಸಿದ್ದಲ್ಲ.

ಕ್ಯಾರಿಯೋಟೈಪ್ ಎನ್ನುವ ಕ್ರೋಮೋಸೋಮ್ ಪರೀಕ್ಷೆ ಮಾಡುತ್ತಾರೆ. ಟರ್ನರ್ ಸಿಂಡ್ರೋಮ್ (ಹುಟ್ಟಿನಿಂದಲೇ ಒಂದು ಎಕ್ಸ್ ಕ್ರೋಮೋಸೋಮ್ ಇಲ್ಲದಿರುವುದು ಅಥವಾ ಅರೆಬರೆ ಇರುವುದು) ಇದ್ದರೆ ಇದರಲ್ಲಿ ಗೊತ್ತಾಗುತ್ತದೆ. ಅದು ಸುಮಾರು 2,000ರಿಂದ 2,500 ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ. ಇದ್ದವರು ಹೃದಯದ ಮಹಾಪಧಮನಿಯನ್ನೂ ನೋಡಿಸಿಕೊಳ್ಳಬೇಕು, ಗರ್ಭ ಧರಿಸುವ ಮೊದಲಂತೂ ಕಡ್ಡಾಯ.

ಎರಡನೆಯದು ಫ್ರಾಜೈಲ್ ಎಕ್ಸ್ ಪರೀಕ್ಷೆ, ಎಕ್ಸ್ ಕ್ರೋಮೋಸೋಮಿನ ಒಂದು ಜೀನಿನಲ್ಲಿ ಬದಲಾವಣೆ ಇದೆಯೇ ಅಂತ ನೋಡುವುದು. ನಿಮ್ಮ ಅಣ್ಣತಮ್ಮಂದಿರಿಗೋ ಅಕ್ಕನ ಮಗನಿಗೋ ಬುದ್ಧಿ ಬೆಳವಣಿಗೆ ನಿಧಾನವಾಗಿದ್ದರೆ, ತಾಯಿಯ ತಂದೆಗೆ ವಯಸ್ಸಾದ ಮೇಲೆ ಕೈ ನಡುಕ, ನಡಿಗೆ ತೂರಾಡುವುದು ಇದ್ದರೆ ಡಾಕ್ಟರಿಗೆ ಹೇಳಿ. ಈ ಜೀನಿನ ಸಣ್ಣ ಬದಲಾವಣೆ ಹೊತ್ತ ಹೆಂಗಸರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಪಿಒಐ ಬರುತ್ತದೆ. ಇದು ಕುಟುಂಬದಲ್ಲಿ ಹರಿದು ಬರುವಂಥದ್ದು. ಹಾಗಾಗಿ ನಿಮ್ಮ ತಂಗಿಯೂ ತಿಳಿದುಕೊಳ್ಳಬೇಕಾದ ವಿಷಯ.

ದೇಹದ ರೋಗನಿರೋಧಕ ಶಕ್ತಿ ತನ್ನ ಅಂಗಗಳ ಮೇಲೆಯೇ ತಿರುಗಿ ಬೀಳುವುದರಿಂದಲೂ ಪಿಒಐ ಬರಬಹುದು. ಅದಕ್ಕೆ ಥೈರಾಯ್ಡ್ ಮತ್ತು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಆಂಟಿಬಾಡಿ ನೋಡುತ್ತಾರೆ. ಅಡ್ರಿನಲ್ ತೊಂದರೆ ಅಪರೂಪ, ಆದರೆ ಅಪಾಯಕಾರಿ. ವಿಪರೀತ ಸುಸ್ತು, ಎದ್ದು ನಿಂತರೆ ತಲೆ ಸುತ್ತುವುದು, ತೂಕ ಇಳಿಯುವುದು, ಚರ್ಮ ಕಪ್ಪಾಗುವುದು, ಉಪ್ಪು ತಿನ್ನಬೇಕೆನಿಸುವುದು ಇದ್ದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ.

ನಾಲ್ಕನೆಯದು: ಹಾರ್ಮೋನ್ ಶುರು ಮಾಡುವುದು

ಹೆಚ್ಚು ಜನ ಎಡವುವುದು ಇಲ್ಲೇ. 'ನನಗೆ ಈಗ ಮಕ್ಕಳು ಬೇಡ, ಮುಟ್ಟು ಬರದಿದ್ದರೆ ಒಳ್ಳೆಯದೇ ಆಯಿತಲ್ಲ' ಅನ್ನುವವರಿದ್ದಾರೆ. ಈಸ್ಟ್ರೋಜನ್ ಕೆಲಸ ಬರೀ ಮುಟ್ಟು ತರುವುದಲ್ಲ. ಮೂಳೆ ಗಟ್ಟಿಯಾಗಿರಲು, ರಕ್ತನಾಳ ಚೆನ್ನಾಗಿರಲು, ನಿದ್ದೆ, ನೆನಪು, ಯೋನಿ, ಮೂತ್ರಕೋಶ, ಎಲ್ಲದಕ್ಕೂ ಅದು ಬೇಕು. 30ನೇ ವಯಸ್ಸಿನಲ್ಲಿ ಅದು ನಿಂತುಹೋದರೆ ದೇಹ ಇಪ್ಪತ್ತು ವರ್ಷ ಅದಿಲ್ಲದೆ ಕಳೆಯಬೇಕಾಗುತ್ತದೆ. ಮೂಳೆ ಸವೆತ, ಹೃದಯದ ಕಾಯಿಲೆ ಬೇಗ ಬರುತ್ತವೆ. ಆದ್ದರಿಂದ ಬೇರೆ ಅಡ್ಡಿ ಇಲ್ಲದಿದ್ದರೆ, ಬೆವರು ಬಿಸಿ ಏನೂ ಇಲ್ಲದವರೂ ಹಾರ್ಮೋನ್ ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ, ಅಂದರೆ 50ರ ಆಸುಪಾಸಿನವರೆಗೆ.

'ಹಾರ್ಮೋನ್ ಮಾತ್ರೆ ತಿಂದರೆ ಕ್ಯಾನ್ಸರ್ ಬರುತ್ತೆ' ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಈ ಭಯದ ಮೂಲ 2002ರಲ್ಲಿ ಹೊರಬಂದ ಅಮೆರಿಕದ ಒಂದು ದೊಡ್ಡ ಅಧ್ಯಯನ. ಅದರಲ್ಲಿ ಇದ್ದವರು 50ರಿಂದ 79 ವರ್ಷದ ಹೆಂಗಸರು. ಸರಾಸರಿ ವಯಸ್ಸು 63. ಸಹಜವಾಗಿ ಮುಟ್ಟು ನಿಂತು ವರ್ಷಗಳಾದ ಮೇಲೆ ಹಾರ್ಮೋನ್ ಕೊಟ್ಟದ್ದು ಅದು. ನಿಮ್ಮ ವಿಷಯದಲ್ಲಿ ಆಗುತ್ತಿರುವುದು ಬೇರೆ. ನಿಮ್ಮ ವಯಸ್ಸಿನ ಉಳಿದ ಹೆಂಗಸರಲ್ಲಿ ತಾನಾಗೇ ಇರುವುದನ್ನು ನಿಮಗೆ ಹೊರಗಿನಿಂದ ತುಂಬಿಕೊಡುತ್ತಿದ್ದಾರೆ ಅಷ್ಟೇ. 50ಕ್ಕೆ ಮೊದಲು ಹೀಗೆ ತೆಗೆದುಕೊಂಡರೆ ಸ್ತನ ಕ್ಯಾನ್ಸರ್ ಜಾಸ್ತಿಯಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಈಗಾಗಲೇ ಸ್ತನ ಕ್ಯಾನ್ಸರ್ ಬಂದು ಹೋದವರಿಗೆ ಮಾತ್ರ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ಅವರ ದಾರಿಯನ್ನು ಕ್ಯಾನ್ಸರ್ ಡಾಕ್ಟರ ಜೊತೆ ಕೂತು ನಿರ್ಧರಿಸಬೇಕು.

ಡಾಕ್ಟರ ಹತ್ತಿರ ಕೇಳಬೇಕಾದ ಪ್ರಶ್ನೆಗಳಿವು.

ಮಾತ್ರೆಯೋ ಜೆಲ್ಲೋ? ಬಿಪಿ ಜಾಸ್ತಿ ಇದ್ದವರಿಗೆ, ತೂಕ ಹೆಚ್ಚಿರುವವರಿಗೆ, ರಕ್ತ ಹೆಪ್ಪುಗಟ್ಟುವ ಅಪಾಯ ಇರುವವರಿಗೆ ಚರ್ಮಕ್ಕೆ ಹಚ್ಚುವ ಎಸ್ಟ್ರಾಡಿಯಾಲ್ ಜೆಲ್ ಒಳ್ಳೆಯದು.

ಡೋಸ್ ಸಾಕೇ? 50 ದಾಟಿದವರ ಬಿಸಿ ಬೆವರು ಕಡಿಮೆ ಮಾಡಲು ಕೊಡುವ ಸಣ್ಣ ಡೋಸ್ ಚಿಕ್ಕ ವಯಸ್ಸಿನವರ ಮೂಳೆಗೆ ಸಾಲದು. ಮಾತ್ರೆಯಾದರೆ ದಿನಕ್ಕೆ 2 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಬೇಕಾಗುವುದು ಸಾಮಾನ್ಯ. ಅದಕ್ಕಿಂತ ಕಡಿಮೆ ಬರೆದಿದ್ದರೆ ಯಾಕೆ ಅಂತ ಕೇಳಿ. ನೀವಾಗೇ ಏರಿಸಿಕೊಳ್ಳಬೇಡಿ.

ಪ್ರೊಜೆಸ್ಟರಾನ್ ಯಾವಾಗ? ಗರ್ಭಕೋಶ ಇದ್ದವರು ಬರೀ ಈಸ್ಟ್ರೋಜನ್ ತೆಗೆದುಕೊಳ್ಳಲೇಬಾರದು. ಒಳಪದರ ದಪ್ಪವಾಗುತ್ತಾ ಹೋಗಿ ಕ್ಯಾನ್ಸರಿಗೆ ತಿರುಗಬಹುದು. ತಿಂಗಳಲ್ಲಿ 12ರಿಂದ 14 ದಿನ ಪ್ರೊಜೆಸ್ಟರಾನ್ ಸೇರಿಸಿದರೆ ಆ ಅಪಾಯ ತಪ್ಪುತ್ತದೆ, ತಿಂಗಳಿಗೊಮ್ಮೆ ಮುಟ್ಟೂ ಬರುತ್ತದೆ. ಇದರ ಕೆಲವು ಬಗೆಗಳಿಂದ ತೂಕಡಿಕೆ ಬರುತ್ತದೆ. ರಾತ್ರಿ ಮಲಗುವಾಗ ನುಂಗಿದರೆ ಅದೂ ಅನುಕೂಲವೇ.

ಇಷ್ಟಾದ ಮೇಲೂ ಯೋನಿ ಒಣಗುತ್ತಿದ್ದರೆ ಅಲ್ಲಿಗೇ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಸಿಗುತ್ತದೆ. ಡಾಕ್ಟರು ಕೇಳುವುದಿಲ್ಲ, ನಾವು ಹೇಳುವುದಿಲ್ಲ, ಗಂಡ ಹೆಂಡಿರ ನಡುವೆ ಸುಮ್ನೆ ಮುನಿಸು ಬೆಳೆಯುತ್ತದೆ. ಬಾಯಿಬಿಟ್ಟು ಕೇಳಿ.

ಮೂಳೆ ಮತ್ತು ಊಟ

ಪಿಒಐ ಗೊತ್ತಾದ ಹೊತ್ತಿನಲ್ಲೇ ಒಂದು ಡೆಕ್ಸಾ ಸ್ಕ್ಯಾನ್ ಮಾಡಿಸಿ. ಮೂಳೆ ಎಷ್ಟು ಗಟ್ಟಿಯಿದೆ ಅಂತ ತಿಳಿಯುತ್ತದೆ. ದಿನಕ್ಕೆ ಸುಮಾರು 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಈ ವಿಷಯದಲ್ಲಿ ರಾಗಿ ತಿನ್ನುವ ಸೀಮೆಯವರು ಪುಣ್ಯವಂತರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಒಂದು ಹೊತ್ತು ಮುದ್ದೆ, ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರು, ಸೊಪ್ಪಿನ ಸಾರು ಆದರೆ ಹತ್ತಿರ ಹತ್ತಿರ ಬಂದಿರಿ. ವಿಟಮಿನ್ ಡಿ ರಕ್ತದಲ್ಲಿ ನೋಡಿಸಿ. ಆಫೀಸ್, ಮನೆ, ಕ್ಯಾಬ್ ಅಂತ ಬಿಸಿಲೇ ಕಾಣದವರಲ್ಲಿ ಕಡಿಮೆ ಇರುವುದೇ ಹೆಚ್ಚು. ನಡೆಯಿರಿ, ಮೆಟ್ಟಿಲು ಹತ್ತಿ, ಭಾರ ಎತ್ತುವ ವ್ಯಾಯಾಮ ಮಾಡಿ. ಸಿಗರೇಟು ಬಿಡಿ, ಅದು ಅಂಡಾಶಯಕ್ಕೂ ಮೂಳೆಗೂ ಶತ್ರು. ರಾಗಿ ತಿಂದರೆ ಹಾರ್ಮೋನ್ ಬೇಡ ಅಂತ ಮಾತ್ರ ಅಂದುಕೊಳ್ಳಬೇಡಿ.

ಮಕ್ಕಳ ವಿಷಯ

ಪಿಒಐ ಅಂದರೆ ಬಾಗಿಲು ಪೂರ್ತಿ ಮುಚ್ಚಿತು ಅಂತಲ್ಲ. ಅಂಡಾಶಯ ಆಗೊಮ್ಮೆ ಈಗೊಮ್ಮೆ ಎಚ್ಚರವಾಗುತ್ತದೆ. ನೂರರಲ್ಲಿ ಐದರಿಂದ ಹತ್ತು ಮಂದಿಗೆ ತಾನಾಗೇ ಗರ್ಭ ನಿಲ್ಲುತ್ತದೆ. ಇದಕ್ಕೆ ಎರಡು ಮುಖ ಇದೆ. ಮಗು ಬೇಡದವರು ಗರ್ಭನಿರೋಧಕ ಬಳಸಲೇಬೇಕು, ಯಾಕೆಂದರೆ ಮೇಲೆ ಹೇಳಿದ ಹಾರ್ಮೋನ್ ಚಿಕಿತ್ಸೆ ಗರ್ಭ ತಡೆಯುವುದಿಲ್ಲ. ಅಂಥವರಿಗೆ ಗರ್ಭನಿರೋಧಕ ಮಾತ್ರೆಯನ್ನೇ ಹಾರ್ಮೋನ್ ಆಗಿ ಕೊಡುವುದೂ ಉಂಟು. ಮಗು ಬೇಕಾದವರು ಇದೇ ಅವಕಾಶವನ್ನು ನಂಬಿ ವರ್ಷಗಟ್ಟಲೆ ಕಾಯಬಾರದು.

ಸ್ವಂತ ಅಂಡಾಣುವಿನಿಂದ ಐವಿಎಫ್ ಮಾಡಿದರೆ ಫಲ ಸಿಗುವುದು ಕಡಿಮೆ. ಹೆಚ್ಚು ಕೈಹಿಡಿಯುವುದು ದಾನಿಯ ಅಂಡಾಣು. ನಮ್ಮ ದೇಶದಲ್ಲಿ 2021ರ ಎಆರ್‌ಟಿ ಕಾಯ್ದೆ (ಐವಿಎಫ್‌ನಂಥ ಚಿಕಿತ್ಸೆಗಳ ಕಾನೂನು) ಪ್ರಕಾರ ದಾನಿಗೆ 23ರಿಂದ 35 ವರ್ಷ ಇರಬೇಕು. ಜೀವನದಲ್ಲಿ ಒಂದೇ ಸಲ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ನೋಂದಣಿಯಾದ ಬ್ಯಾಂಕ್ ಮೂಲಕವೇ ಆಗಬೇಕು. ಕ್ಲಿನಿಕ್ಕಿಗೆ ಹೋದಾಗ ನೋಂದಣಿ ಪ್ರಮಾಣಪತ್ರ ಕೇಳಿ ನೋಡಿ. ಚಿಕಿತ್ಸೆ ಪಡೆಯುವ ಹೆಂಗಸಿಗೆ 50 ವರ್ಷದ ಮಿತಿ ಇದೆ. ದತ್ತು ಬೇಕೆನ್ನುವವರು ಕೇಂದ್ರ ಸರ್ಕಾರದ ಕಾರಾ ಪೋರ್ಟಲ್‌ನಲ್ಲಿ ಹೆಸರು ಹಚ್ಚಬೇಕು. ಒಂಟಿ ಹೆಂಗಸರೂ ಅರ್ಜಿ ಹಾಕಬಹುದು. ಕಾಯುವ ಕಾಲ ಉದ್ದ, ಹಾಗಾಗಿ ಮನಸ್ಸಿದ್ದರೆ ಬೇಗ ಹೆಸರು ಹಾಕಿಡಿ.

ನಿಮ್ಮದೇ ರಕ್ತದ ಪ್ಲೇಟ್‌ಲೆಟ್ ತೆಗೆದು ಅಂಡಾಶಯಕ್ಕೆ ಚುಚ್ಚುವ ಪಿಆರ್‌ಪಿ, ಸ್ಟೆಮ್ ಸೆಲ್ ಇವನ್ನು 'ಅಂಡಾಶಯಕ್ಕೆ ಮರುಜೀವ' ಅಂತ ಜಾಹೀರಾತು ಮಾಡುತ್ತಾರೆ. ಇವು ಇನ್ನೂ ಸಂಶೋಧನೆಯ ಹಂತದಲ್ಲಿವೆ. ಚಿಕಿತ್ಸೆ ಎನ್ನುವ ಹೆಸರಿನಲ್ಲಿ ದುಡ್ಡು ಕಟ್ಟಬೇಡಿ.

ಆಪರೇಷನ್ ಅಥವಾ ಕೀಮೋ ಇದ್ದರೆ, ಅದಕ್ಕೂ ಮೊದಲು

ಕೀಮೋ ಮತ್ತು ಹೊಟ್ಟೆಯ ಭಾಗದ ರೇಡಿಯೇಶನ್ ಅಂಡಾಶಯವನ್ನು ಸುಡಬಹುದು. ಕ್ಯಾನ್ಸರ್ ಗೊತ್ತಾದ ದಿನ ಇದೆಲ್ಲ ತಲೆಗೆ ಹೋಗುವುದಿಲ್ಲ, ನಿಜ. ಜೊತೆಗೆ ಹೋದ ಅಕ್ಕನೋ ಗಂಡನೋ ಒಂದು ಪ್ರಶ್ನೆ ಕೇಳಲಿ: 'ಕೀಮೋಗೆ ಮೊದಲು ಅಂಡಾಣು ತೆಗೆದು ಇಡಬಹುದಾ?' ಸುಮಾರು ಎರಡು ವಾರದ ಕೆಲಸ ಅದು. ಎಷ್ಟೋ ಸಲ ಅಷ್ಟು ಸಮಯ ಇರುತ್ತದೆ. ಅಂಡಾಶಯದ ಚಾಕೊಲೇಟ್ ಸಿಸ್ಟ್ (ಹಳೇ ರಕ್ತ ತುಂಬಿದ ಗುಳ್ಳೆ) ತೆಗೆಸುವವರೂ ಆಪರೇಷನ್‌ಗೆ ಮೊದಲು ಎಎಂಎಚ್ ಮಾಡಿಸಿ, ಒಳ್ಳೆಯ ಭಾಗಕ್ಕೆ ಎಷ್ಟು ಪೆಟ್ಟಾಗಬಹುದು ಅಂತ ಕೇಳಬೇಕು.

ನಮ್ಮ ರಾಜ್ಯದ ಇನ್ನೊಂದು ಕಥೆ ಗರ್ಭಕೋಶ ತೆಗೆಸುವುದು. ಬಿಳಿ ಹೋಗುತ್ತದೆ, ಹೊಟ್ಟೆ ನೋವು ಅಂತ ಹೋದ ಹೆಂಗಸರಿಗೆ 'ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತೆ' ಅಂತ ಹೆದರಿಸಿ ಕೊಯ್ಯುವುದು ನಡೆದಿದೆ. ಕಲಬುರಗಿ ಜಿಲ್ಲೆಯಲ್ಲಿ ತಾಂಡಾದ ಹೆಂಗಸರೂ ಸೇರಿ ನೂರಾರು ಮಂದಿಗೆ ಹೀಗಾಯಿತು ಎಂಬ ದೂರು ಸುಮಾರು ಹತ್ತು ವರ್ಷದ ಹಿಂದೆ ದೊಡ್ಡ ಹೋರಾಟವೇ ಆಯಿತು. ಅನಗತ್ಯ ಆಪರೇಷನ್ ತಡೆಯುವ ಮಾರ್ಗಸೂಚಿ ಜಾರಿಗೆ ತನ್ನಿ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ಎರಡೂ ಅಂಡಾಶಯ ತೆಗೆದರೆ ಈಸ್ಟ್ರೋಜನ್ ಒಂದೇ ದಿನಕ್ಕೆ ಕುಸಿಯುತ್ತದೆ. ಬರೀ ಗರ್ಭಕೋಶ ತೆಗೆದು ಅಂಡಾಶಯ ಉಳಿಸಿದರೂ ಅದು ಕೆಲವು ವರ್ಷ ಮೊದಲೇ ದಣಿಯಬಹುದು. ಮುಟ್ಟು ಹೇಗೂ ಇಲ್ಲದ್ದರಿಂದ ದಣಿದದ್ದು ಗೊತ್ತೇ ಆಗುವುದಿಲ್ಲ. ನಿಮ್ಮ ಅಮ್ಮನಿಗೋ ಅತ್ತಿಗೆಗೋ 40ರೊಳಗೆ ಈ ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಚೀಟಿ ತೆಗೆದು ಅಂಡಾಶಯ ಉಳಿಸಿದ್ದಾರಾ ನೋಡಿ. ಇಲ್ಲ ಎಂದಾದರೆ, ಅಥವಾ ಬಿಸಿ ಬೆವರು ಶುರುವಾಗಿದ್ದರೆ, ಹಾರ್ಮೋನ್ ಬಗ್ಗೆ ಡಾಕ್ಟರನ್ನು ಕೇಳಿ. ಗರ್ಭಕೋಶ ಇಲ್ಲದವರಿಗೆ ಸಾಮಾನ್ಯವಾಗಿ ಪ್ರೊಜೆಸ್ಟರಾನ್ ಬೇಕಾಗುವುದಿಲ್ಲ.

ಮನೆಯವರ ಜೊತೆ

'ಏನಮ್ಮಾ, ವಿಶೇಷ ಏನಾದ್ರೂ ಇದ್ಯಾ?' ಮದುವೆಮನೆಯಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ, ಅಲ್ವಾ? ಎಲ್ಲರಿಗೂ ಉತ್ತರ ಕೊಡುವ ಸಾಲ ನಿಮ್ಮ ಮೇಲಿಲ್ಲ. 'ಇದ್ದಾಗ ಹೇಳ್ತೀನಿ ದೊಡ್ಡಮ್ಮ' ಅಂದು ಊಟದ ಸಾಲಿನ ಕಡೆ ನಡೆಯಿರಿ. ಆದರೆ ಗಂಡನಿಗೆ ರಿಪೋರ್ಟ್ ನೀವೊಬ್ಬರೇ ವಿವರಿಸಲು ಹೋಗಬೇಡಿ. ಅವರನ್ನೂ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಡಾಕ್ಟರ ಬಾಯಿಂದ ಕೇಳಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಮದುವೆ ಆಗದವರು ಹುಡುಗನಿಗೆ ಯಾವಾಗ ಹೇಳಬೇಕು? ಮೊದಲ ಭೇಟಿಯಲ್ಲೇ ಬೇಕಿಲ್ಲ. ಮಾತು ಮುಂದುವರಿಯುತ್ತದೆ ಅನ್ನಿಸಿದಾಗ, ನಿಶ್ಚಿತಾರ್ಥಕ್ಕೂ ಮೊದಲು ನೇರವಾಗಿ ಅವನಿಗೇ ಹೇಳಿ ಅನ್ನುವುದು ನನ್ನ ಅಭಿಪ್ರಾಯ.

ಸುದ್ದಿ ಕೇಳಿದ ಮೇಲೆ ವಾರಗಟ್ಟಲೆ ಅಳು ಬರುವುದು, ಬಸುರಿ ಗೆಳತಿಯ ಸೀಮಂತಕ್ಕೆ ಹೋಗಲಾಗದಿರುವುದು ಸಹಜ. ನಿದ್ದೆ, ಊಟ ಬಿಟ್ಟುಹೋದರೆ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ವರ್ಷ ವರ್ಷ ನೋಡಿಸಬೇಕಾದದ್ದು

ವರ್ಷಕ್ಕೊಮ್ಮೆ ಬಿಪಿ, ತೂಕ ನೋಡಿಸಿ. ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್ ಎಷ್ಟು ದಿನಕ್ಕೊಮ್ಮೆ ಅಂತ ಡಾಕ್ಟರು ಹೇಳುತ್ತಾರೆ. ಮೊದಲ ಡೆಕ್ಸಾದಲ್ಲಿ ಮೂಳೆ ತೆಳುವಾಗಿ ಕಂಡಿದ್ದರೆ ಕೆಲವು ವರ್ಷ ಬಿಟ್ಟು ಮತ್ತೊಮ್ಮೆ ಮಾಡಿಸಿ. ಊರು ಬದಲಿಸಿದರೆ ಮೊದಲ ಎಫ್‌ಎಸ್‌ಎಚ್ ರಿಪೋರ್ಟ್ ಜೊತೆಗಿರಲಿ. ಹಾರ್ಮೋನ್ ಶುರುವಾದ ಮೇಲೆ ಮಾಡಿಸಿದ ಎಫ್‌ಎಸ್‌ಎಚ್ ನೋಡಿ 'ನಿಮಗೇನೂ ಇಲ್ಲ, ನಿಲ್ಲಿಸಿ' ಅನ್ನುವ ಹೊಸ ಡಾಕ್ಟರು ಸಿಕ್ಕರೆ ತೋರಿಸಲು ಬೇಕಾಗುತ್ತದೆ. ಹಾರ್ಮೋನ್ ತೆಗೆದುಕೊಳ್ಳುತ್ತಿರುವಾಗ ಬರಬೇಕಾದ ಮುಟ್ಟು ಬರದಿದ್ದರೆ ಮತ್ತೆ ಗರ್ಭ ಪರೀಕ್ಷೆ ಕಿಟ್ ತನ್ನಿ. 50ರ ಹತ್ತಿರ ಬಂದಾಗ ಮುಂದುವರಿಸಬೇಕೋ ನಿಧಾನವಾಗಿ ಇಳಿಸಬೇಕೋ ಅಂತ ಡಾಕ್ಟರ ಜೊತೆ ಕೂತು ಮಾತಾಡಿ.